8 ಮೈಕ್ರಾನಿನ ಕಣ 5 ಮೈಕ್ರಾನಿನ ನಾಳದಲ್ಲಿ ಹೆಂಗೆ ತೂರತ್ತೆ? ರಕ್ತ ಹರಿಯೋದರ ಒಳಗುಟ್ಟು

ಹೋದ ತಿಂಗಳು ಅಮ್ಮಂಗೆ ಮಂಡಿನೋವು ಜಾಸ್ತಿ ಆಯ್ತು ಅಂತ ಡಾಕ್ಟ್ರು ಒಂದಷ್ಟು ಬ್ಲಡ್ ಟೆಸ್ಟ್ ಬರೆದುಕೊಟ್ರು. ರಿಪೋರ್ಟಲ್ಲಿ ಎಲ್ಲಾ ಸರಿ ಇತ್ತು, ಒಂದು ಕಡೆ ಮಾತ್ರ ಇಎಸ್‌ಆರ್ (ಕೊಳವೆಯಲ್ಲಿ ರಕ್ತಕಣ ಒಂದು ಗಂಟೆಗೆ ಎಷ್ಟು ಮಿಲಿಮೀಟರ್ ಕೆಳಗಿಳಿಯತ್ತೆ ಅನ್ನೋ ಟೆಸ್ಟು) 58 ಅಂತ ದಪ್ಪಕ್ಷರದಲ್ಲಿ ಹೊಡೆದಿದ್ರು. ಅದನ್ನ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದು ನನ್ನ ತಪ್ಪು. ಐದೇ ನಿಮಿಷಕ್ಕೆ ಚಿಕ್ಕಪ್ಪ "ರಕ್ತ ದಪ್ಪ ಆಗಿದೆ ಕಣೋ, ದಿನಾ ಬೆಳ್ಳುಳ್ಳಿ ತಿನ್ನಿಸು" ಅಂದ್ರು, ಅತ್ತೆ "ರಕ್ತ ತೆಳು ಮಾಡೋ ಮಾತ್ರೆ ನಿಮ್ಮ ಮಾವನೂ ತಗೋತಾರೆ, ಬೇಕಾದ್ರೆ ಎರಡು ಕಳಿಸ್ಲಾ" ಅಂದ್ರು.

ಇಎಸ್‌ಆರ್ ಮಾಡೋದನ್ನ ನಾನು ಅವತ್ತು ಲ್ಯಾಬಲ್ಲೇ ನಿಂತು ನೋಡಿದ್ದೆ. ಒಂದು ಸ್ಟ್ಯಾಂಡು, ಅದರಲ್ಲಿ ಉದ್ದಕ್ಕೆ ಸಣ್ಣ ಸಣ್ಣ ಗಾಜಿನ ಕೊಳವೆ, ಒಳಗೆ ರಕ್ತ. ಲ್ಯಾಬ್ ಹುಡುಗ ನೆಲಕ್ಕೆ ಕೂತು, ಒಂದು ಕಣ್ಣು ಮುಚ್ಕೊಂಡು, ಸ್ಟ್ಯಾಂಡಿನ ಒಂದು ಕಾಲಿನ ಕೆಳಗೆ ಹಳೇ ಕ್ಯಾಲೆಂಡರ್ ಹಾಳೆ ಮಡಿಸಿ ತುರುಕ್ತಿದ್ದ. ಯಾಕಪ್ಪಾ ಅಂದ್ರೆ "ಓರೆ ಆದ್ರೆ ರೀಡಿಂಗ್ ಜಾಸ್ತಿ ಬರತ್ತೆ ಸಾರ್" ಅಂದ. ಕೊಳವೆ ಚೂರು ವಾಲಿದ್ರೆ ರಕ್ತಕ್ಕೇನು ಗೊತ್ತಾಗತ್ತೆ ಅಂತ ತಲೆ ಕೆಡಿಸ್ಕೊಂಡು ಓದೋಕೆ ಶುರು ಮಾಡಿದ್ದು, ಓದ್ತಾ ಓದ್ತಾ ಎಲ್ಲೆಲ್ಲಿಗೋ ಹೋಯ್ತು. ಅದನ್ನೇ ಇಲ್ಲಿ ಬಿಡಿಸಿ ಬರೀತಿದೀನಿ.

ಮೊದಲು, ಹರೀತಿರೋದು ಏನು

ರಕ್ತ ಕಣ್ಣಿಗೆ ಕೆಂಪು ನೀರಿನ ತರ ಕಂಡ್ರೂ ಅದು ನೀರಿನ ತರದ ದ್ರವ ಅಲ್ಲ. ಪ್ಲಾಸ್ಮಾ ಅನ್ನೋ ತಿಳಿ ಹಳದಿ ದ್ರವದಲ್ಲಿ ತೇಲ್ತಿರೋ ಕಣಗಳ ಜಾತ್ರೆ ಅದು. ಒಂದು ಮೈಕ್ರೋಲೀಟರ್ ಅಂದ್ರೆ ಒಂದು ಮಿಲಿಮೀಟರ್ ಉದ್ದ ಅಗಲ ಎತ್ತರದ ಪೆಟ್ಟಿಗೆ, ಅಷ್ಟು ಜಾಗದಲ್ಲಿ ಸುಮಾರು 50 ಲಕ್ಷ ಕೆಂಪು ರಕ್ತಕಣ ಇರತ್ತೆ. ಒಟ್ಟು ರಕ್ತದ ಗಾತ್ರದಲ್ಲಿ ಹೆಚ್ಚುಕಮ್ಮಿ 40ರಿಂದ 45 ಪರ್ಸೆಂಟ್ ಈ ಕಣಗಳೇ. ಸಿಬಿಸಿ, ಅಂದ್ರೆ ರಕ್ತಕಣ ಎಣಿಸೋ ಟೆಸ್ಟಿನ ರಿಪೋರ್ಟಲ್ಲಿ ಹೆಮಟೋಕ್ರಿಟ್ ಅಥವಾ ಪಿಸಿವಿ ಅಂತ ಬರತ್ತಲ್ಲ, ಅದು ಇದೇ ಪಾಲು.

ಈಗ ಒಂದು ಸಲ ಯೋಚನೆ ಮಾಡಿ. ಅರ್ಧ ಬಕೆಟ್ ನೀರಿಗೆ ಅರ್ಧ ಬಕೆಟ್ ಜಲ್ಲಿ ಹಾಕಿ ಪೈಪಲ್ಲಿ ಹರಿಸೋಕೆ ಹೋದ್ರೆ ಏನಾಗತ್ತೆ? ಕಟ್ಟಿಕೊಂಡು ನಿಲ್ಲತ್ತೆ. ಗಟ್ಟಿ ಕಣಗಳ ಪಾಲು 60 ಪರ್ಸೆಂಟ್ ಹತ್ರ ಬಂತು ಅಂದ್ರೆ ಆ ಮಿಶ್ರಣ ಕಾಂಕ್ರೀಟ್ ತರ ಸೆಟ್ ಆಗಿಬಿಡತ್ತೆ, ಅಲ್ಲಾಡೋಕೇ ಜಾಗ ಇರಲ್ಲ. ರಕ್ತ ಹಾಗಲ್ಲ, ಪ್ಲಾಸ್ಮಾ ತೆಗೆದು ತೆಗೆದು ಕಣಗಳ ಪಾಲನ್ನ 98 ಪರ್ಸೆಂಟಿಗೆ ತಂದ್ರೂ ಅದು ಕಷ್ಟಪಟ್ಟಾದ್ರೂ ಹರಿಯತ್ತೆ. ಯಾಕಂದ್ರೆ ಒಳಗಿರೋದು ಜಲ್ಲಿ ಅಲ್ಲ, ಮೆತ್ತಗಿನ ಚೀಲ. ಮುಂದೆ ನಾನು ಹೇಳೋದೆಲ್ಲಾ ಈ ಮೆತ್ತಗಿರೋದರ ಸುತ್ತಾನೇ ತಿರುಗತ್ತೆ.

ಅರ್ಧ ತುಂಬಿದ ಹಾಲಿನ ಪ್ಯಾಕೆಟ್

ಕೆಂಪು ಕಣದ ಆಕಾರ ಹೇಳಬೇಕು ಅಂದ್ರೆ, ಪುಟ್ಟದೊಂದು ತಟ್ಟೆ ಇಡ್ಲಿ ತಗೊಂಡು ಮಧ್ಯದಲ್ಲಿ ಮೇಲಿಂದ ಕೆಳಗಿಂದ ಎರಡೂ ಕಡೆ ಹೆಬ್ಬೆರಳಲ್ಲಿ ಒತ್ತಿದ ಹಾಗೆ. ಉದ್ದಿನವಡೆ ಅಂತಾನೂ ಹೇಳ್ತಾರೆ, ಆದ್ರೆ ವಡೆಗೆ ತೂತಿದೆ, ಇದಕ್ಕಿಲ್ಲ. ಅಗಲ ಸುಮಾರು 8 ಮೈಕ್ರಾನ್, ಅಂಚಿನ ದಪ್ಪ 2ರಿಂದ 2.5 ಮೈಕ್ರಾನ್. ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಕೋಳಿಗೂ ಕಪ್ಪೆಗೂ ಇದೆ, ನಮ್ಮಲ್ಲಿ ಕಣ ಬೆಳೆಯೋ ಹಂತದಲ್ಲೇ ಅದನ್ನ ಆಚೆ ಹಾಕಿಬಿಡತ್ತೆ. ಒಳಗೆ ಉಳಿಯೋದು ಹಿಮೋಗ್ಲೋಬಿನ್ ತುಂಬಿದ ಗಟ್ಟಿ ಷರಬತ್ತಿನಂಥ ದ್ರವ, ಹೊರಗೆ ತೆಳ್ಳನೆ ಪೊರೆ. ಅಷ್ಟೇ.

ಇಲ್ಲಿ ಒಂದು ಲೆಕ್ಕ ಇದೆ, ಇದೊಂದು ಅರ್ಥ ಆದ್ರೆ ಅರ್ಧ ಕಥೆ ಅರ್ಥ ಆದ ಹಾಗೆ. ಕಣದ ಒಳಗಿನ ಗಾತ್ರ ಸುಮಾರು 90 ಘನ ಮೈಕ್ರಾನ್, ರಿಪೋರ್ಟಲ್ಲಿ ಎಂಸಿವಿ ಅಂತ ಇರೋದು ಇದೇ ನಂಬರ್ರು. ಅಷ್ಟು ದ್ರವವನ್ನ ಗುಂಡಗಿನ ಚೆಂಡಿನಲ್ಲಿ ತುಂಬೋಕೆ 97 ಚದರ ಮೈಕ್ರಾನ್ ಪೊರೆ ಸಾಕು. ಆದ್ರೆ ಕಣದ ಹತ್ರ ಇರೋದು ಸುಮಾರು 135. ಅಂದ್ರೆ ಬೇಕಾದ್ದಕ್ಕಿಂತ 40 ಪರ್ಸೆಂಟ್ ಹತ್ರ ಜಾಸ್ತಿ ಬಟ್ಟೆ ಇಟ್ಕೊಂಡು ಹೊಲಿದ ಲೂಸ್ ಚೀಲ ಇದು.

ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ಟು ಬಿರ್ರನೆ ತುಂಬಿದ್ರೆ ಬಗ್ಗಿಸೋಕೆ ಆಗಲ್ಲ, ಜೋರಾಗಿ ಒತ್ತಿದ್ರೆ ಒಡೆಯತ್ತೆ. ಅದೇ ಪ್ಯಾಕೆಟ್ಟಲ್ಲಿ ಮುನ್ನೂರು ಎಂಎಲ್ ಇದ್ರೆ ಮಡಚಬಹುದು, ಸುರುಳಿ ಸುತ್ತಬಹುದು, ಫ್ರಿಜ್ಜಿನ ಯಾವ ಸಂದಿಗೆ ಬೇಕಾದ್ರೂ ತುರುಕಬಹುದು. ಪ್ಲಾಸ್ಟಿಕ್ ಅದೇನೇ, ವ್ಯತ್ಯಾಸ ಇರೋದು ತುಂಬಿದ್ದು ಎಷ್ಟು ಅನ್ನೋದರಲ್ಲಿ. ಈ ಸಡಿಲ ಇರೋದ್ರಿಂದಲೇ 8 ಮೈಕ್ರಾನಿನ ಕಣ ಸುಮಾರು 3 ಮೈಕ್ರಾನ್ ಅಗಲದ ಕೊಳವೆಯನ್ನೂ ಪೊರೆ ಕಿತ್ತುಹೋಗದೆ ದಾಟಬಲ್ಲದು. ಅದೇ ದ್ರವ ಗುಂಡಗಿನ ಬಿಗಿ ಚೀಲದಲ್ಲಿದ್ದಿದ್ರೆ ಐದೂವರೆ ಮೈಕ್ರಾನಿಗಿಂತ ಸಣ್ಣ ಸಂದಿಗೆ ನುಗ್ಗೋಕೆ ಆಗ್ತಿರಲಿಲ್ಲ.

ಪೊರೆಗೂ ಒಂದು ವಿಚಿತ್ರ ಗುಣ ಇದೆ. ಹೊರಗಿನ ಕೊಬ್ಬಿನ ಪದರವನ್ನ ಹಿಗ್ಗಿಸಿ ವಿಸ್ತೀರ್ಣ ಜಾಸ್ತಿ ಮಾಡೋಕೆ ಹೋದ್ರೆ ಮೂರು ನಾಲ್ಕು ಪರ್ಸೆಂಟಿಗೇ ಹರಿದು ಹೋಗತ್ತೆ. ಆದ್ರೆ ವಿಸ್ತೀರ್ಣ ಅಷ್ಟೇ ಇಟ್ಟು ಆಕಾರ ಮಾತ್ರ ಬದಲಿಸು ಅಂದ್ರೆ ಸುಲಭವಾಗಿ ಬದಲಿಸತ್ತೆ. ಪಂಚೆಯನ್ನ ದಾರದ ನೇರಕ್ಕೆ ಎಳೆದ್ರೆ ಹಿಗ್ಗಲ್ಲ, ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದ್ರೆ ಉದ್ದ ಆಗತ್ತೆ, ಅಗಲದಲ್ಲಿ ಕುಗ್ಗತ್ತೆ, ಬಿಟ್ರೆ ಮತ್ತೆ ಸರಿ ಹೋಗತ್ತೆ. ಹಾಗೇ ಇದೂ. ಪೊರೆಯ ಒಳಮೈಗೆ ಸ್ಪೆಕ್ಟ್ರಿನ್ ಅನ್ನೋ ಪ್ರೋಟೀನಿನ ಬಲೆ ಹೆಣೆದಿರತ್ತೆ, ವಾಪಸ್ ಮೊದಲಿನ ಆಕಾರಕ್ಕೆ ಬರೋ ಶಕ್ತಿ ಅದರಿಂದ.

ಅಷ್ಟು ಸಣ್ಣ ಲೋಕದಲ್ಲಿ ನೀರೂ ಜೇನುತುಪ್ಪವೇ

ಹೊಳೆಯಲ್ಲಿ ದೋಣಿ ಹುಟ್ಟು ಹಾಕೋದು ನಿಲ್ಲಿಸಿದ್ರೂ ಸ್ವಲ್ಪ ದೂರ ಹೋಗತ್ತೆ, ವೇಗದ ರಭಸ ಅಂತೀವಲ್ಲ ಅದು. ಲೋಮನಾಳದಲ್ಲಿ, ಅಂದ್ರೆ ಕೂದಲಿಗಿಂತ ಹತ್ತು ಪಟ್ಟು ಸಣ್ಣ ರಕ್ತನಾಳದಲ್ಲಿ, ಈ ರಭಸ ಅನ್ನೋದು ಲೆಕ್ಕಕ್ಕೇ ಇಲ್ಲ. ಅಲ್ಲಿ ರಕ್ತ ಹೋಗೋದು ಸೆಕೆಂಡಿಗೆ ಒಂದು ಮಿಲಿಮೀಟರಿನ ಆಸುಪಾಸು. ಅಷ್ಟು ಸಣ್ಣ ಜಾಗ, ಅಷ್ಟು ನಿಧಾನ, ಹಾಗಾಗಿ ದ್ರವದ ಅಂಟೇ ಎಲ್ಲವನ್ನೂ ಆಳತ್ತೆ. ತಳ್ಳಿದ್ರೆ ಹೋಗತ್ತೆ, ಬಿಟ್ರೆ ಆ ಕ್ಷಣಕ್ಕೇ ನಿಲ್ಲತ್ತೆ, ಜೇನುತುಪ್ಪದ ಡಬ್ಬದಲ್ಲಿ ಬಿದ್ದ ಇರುವೆ ತರ.

ಈ ಅಂಟಿಗೆ ನಮ್ಮ ಪಾಠಪುಸ್ತಕದಲ್ಲಿ ಸ್ನಿಗ್ಧತೆ ಅಂತಾರೆ. ಪ್ಲಾಸ್ಮಾ ನೀರಿಗಿಂತ ಸ್ವಲ್ಪ ಜಾಸ್ತಿ, ಪೂರ್ತಿ ರಕ್ತ ವೇಗವಾಗಿ ಹರಿಯುವಾಗ ನೀರಿಗಿಂತ ಮೂರ್ನಾಲ್ಕು ಪಟ್ಟು. ಕಣದ ಒಳಗಿರೋ ಹಿಮೋಗ್ಲೋಬಿನ್ ದ್ರವ ಹೊರಗಿನ ಪ್ಲಾಸ್ಮಾಕ್ಕಿಂತ ಹೆಚ್ಚುಕಮ್ಮಿ ಐದು ಪಟ್ಟು ಗಟ್ಟಿ. ಈ ಐದು ಪಟ್ಟು ಅನ್ನೋದನ್ನ ನೆನಪಲ್ಲಿಡಿ, ಈಗಲೇ ಬೇಕಾಗತ್ತೆ.

ಉರುಳೋದಾ, ಇಟಾಚಿ ಚೈನ್ ತರ ಓಡೋದಾ

ಯಾವ ಹರಿವಲ್ಲೂ ದಡದ ಹತ್ರ ನಿಧಾನ, ನಡುವೆ ಜೋರು. ಮಳೆಗಾಲದಲ್ಲಿ ಹಳ್ಳದ ದಡದ ಪಕ್ಕ ಬಿದ್ದ ತೆಂಗಿನಕಾಯಿ ನೋಡಿದ್ರೆ ಗೊತ್ತಾಗತ್ತೆ, ಅದು ಸುಮ್ಮನೆ ತೇಲ್ಕೊಂಡು ಹೋಗಲ್ಲ, ತಿರುಗ್ತಾ ತಿರುಗ್ತಾ ಹೋಗತ್ತೆ, ಯಾಕಂದ್ರೆ ಅದರ ನಡುಹೊಳೆ ಕಡೆಯ ಮೈಯನ್ನ ನೀರು ಜೋರಾಗಿ ಎಳೀತಿದೆ, ದಡದ ಕಡೆಯ ಮೈಯನ್ನ ಹಿಂದಕ್ಕೆ ಹಿಡೀತಿದೆ. ಗಟ್ಟಿ ವಸ್ತು ಆದ್ರೆ ಇಷ್ಟೇ ಕಥೆ, ಉರುಳತ್ತೆ. 1922ರಲ್ಲೇ ಜೆಫರಿ ಅನ್ನೋ ವಿಜ್ಞಾನಿ ಮೊಟ್ಟೆಯಾಕಾರದ ಗಟ್ಟಿ ಕಣ ಹೇಗೆ ಉರುಳತ್ತೆ ಅಂತ ಪೂರ್ತಿ ಗಣಿತ ಬರೆದಿಟ್ಟಿದ್ರು.

ಮೆತ್ತಗಿನ ಚೀಲಕ್ಕೆ ಇನ್ನೊಂದು ದಾರಿ ಇದೆ. ನಮ್ಮ ಕಡೆ ಇಟಾಚಿ ಅಂತ ಕರೆಯೋ ಚೈನಿನ ಮಣ್ಣು ಅಗೆಯೋ ಗಾಡಿ ಗೊತ್ತಲ್ಲ, ಗಾಡಿ ನೆಟ್ಟಗೇ ಇರತ್ತೆ, ಚೈನ್ ಮಾತ್ರ ಸುತ್ತ ಓಡ್ತಿರತ್ತೆ. ಕೆಂಪು ಕಣವೂ ಹಾಗೇ ಮಾಡಬಲ್ಲದು. ಕಣ ಹರಿವಿಗೆ ಓರೆಯಾಗಿ ಒಂದು ಕೋನದಲ್ಲಿ ನಿಂತುಬಿಡತ್ತೆ, ಆಕಾರ ಹಾಗೇ ಇರತ್ತೆ, ಪೊರೆ ಮಾತ್ರ ಅದರ ಸುತ್ತ ಚೈನ್ ತರ ಓಡತ್ತೆ, ಒಳಗಿನ ದ್ರವವೂ ಜೊತೆಗೆ ಸುತ್ತತ್ತೆ. 1978ರಲ್ಲಿ ಫಿಷರ್ ಮತ್ತು ಜೊತೆಗಾರರು ಜರ್ಮನಿಯಲ್ಲಿ ಇದನ್ನ ಚೆನ್ನಾಗಿ ತೋರಿಸಿದ್ರು. ಅವರ ಉಪಾಯ ಭಾರಿ ಚೆನ್ನಾಗಿದೆ: ಒಂದು ಗಾಜಿನ ತಟ್ಟೆ, ಅದರ ಮೇಲೊಂದು ಚಪ್ಪಟೆ ಶಂಕು, ಎರಡನ್ನೂ ಎದುರು ಬದುರು ದಿಕ್ಕಿಗೆ ತಿರುಗಿಸೋದು. ಮಧ್ಯದಲ್ಲಿರೋ ಕಣವನ್ನ ಎರಡೂ ಕಡೆಯಿಂದ ದ್ರವ ಎಳೆಯತ್ತೆ, ಆದ್ರೆ ಕಣ ಎಲ್ಲಿಗೂ ಹೋಗಲ್ಲ, ಮೈಕ್ರೋಸ್ಕೋಪಿನ ಕೆಳಗೇ ಇರತ್ತೆ, ಆರಾಮಾಗಿ ನೋಡ್ತಾ ಕೂರಬಹುದು. ಇಂಥ ಪ್ರಯೋಗಗಳಲ್ಲಿ ಪೊರೆಗೆ ಒಂದು ಪುಟಾಣಿ ಮಣಿ ಅಂಟಿಸಿದ್ರೆ ಅದು ಕಣದ ಸುತ್ತ ಪ್ರದಕ್ಷಿಣೆ ಹಾಕೋದು ಕಾಣತ್ತೆ.

ಹಾಗಾದ್ರೆ ಯಾವಾಗ ಉರುಳತ್ತೆ, ಯಾವಾಗ ಚೈನ್ ಓಡಿಸತ್ತೆ? 1982ರಲ್ಲಿ ಕೆಲ್ಲರ್ ಮತ್ತು ಸ್ಕಲಕ್ ಇದಕ್ಕೆ ಒಂದು ಸರಳ ಉತ್ತರ ಕೊಟ್ರು. ಪೊರೆ ಸುತ್ತಬೇಕು ಅಂದ್ರೆ ಒಳಗಿನ ದ್ರವವನ್ನೂ ಕಲಕಬೇಕು. ಒಳಗಿರೋದು ಮಜ್ಜಿಗೆ ಆದ್ರೆ ಕಲಕೋದು ಸುಲಭ, ಚೈನ್ ಓಡತ್ತೆ. ಒಳಗೆ ಗಟ್ಟಿ ಅಂಬಲಿ ಇದ್ರೆ ಅದನ್ನ ಕಲಕೋ ಬದಲು ಇಡೀ ಚೀಲ ಉರುಳೋದೇ ಕಮ್ಮಿ ಖರ್ಚು. ಫಿಷರ್ ಪ್ರಯೋಗದಲ್ಲಿ ಹೊರಗಿನ ದ್ರವಕ್ಕೆ ಡೆಕ್ಸ್ಟ್ರಾನ್ ಅನ್ನೋ ಸಕ್ಕರೆ ಜಾತಿಯ ವಸ್ತು ಬೆರೆಸಿ ಗಟ್ಟಿ ಮಾಡಿದ್ರು, ಅದಕ್ಕೇ ಚೈನ್ ಅಷ್ಟು ಚೆಂದವಾಗಿ ಓಡಿದ್ದು. ನಮ್ಮ ಮೈಯಲ್ಲಿ ಹೊರಗಿರೋದು ತೆಳು ಪ್ಲಾಸ್ಮಾ, ಒಳಗಿರೋದು ಅದರ ಐದು ಪಟ್ಟು ಗಟ್ಟಿ. ಆಮೇಲೆ ಪೊರೆಯ ಬಲೆಗೂ ಒಂದು ಹಠ ಇದೆ, ಅಂಚಿನಲ್ಲಿದ್ದ ಭಾಗ ಅಂಚಿನಲ್ಲೇ ಇರಬೇಕು ಅನ್ನತ್ತೆ. ಎಷ್ಟೋ ಹೊತ್ತು ಚೈನ್ ಓಡಿಸಿ ಹರಿವು ನಿಲ್ಲಿಸಿದ್ರೆ ಪೊರೆಯ ಪ್ರತಿ ಚೂರೂ ತನ್ನ ಮೊದಲಿನ ಜಾಗ ಹುಡುಕ್ಕೊಂಡು ವಾಪಸ್ ಬರತ್ತೆ ಅಂತ ಅದೇ ಫಿಷರ್ 2004ರಲ್ಲಿ ತೋರಿಸಿದ್ರು. ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿದವರ ತರ.

ಈ ಹಠದಿಂದಾಗಿ ಚೈನ್ ಓಡುವಾಗಲೂ ಕಣ ನೆಟ್ಟಗೆ ಒಂದೇ ಕೋನದಲ್ಲಿ ನಿಲ್ಲಲ್ಲ, ತೊಟ್ಟಿಲ ತರ ಸ್ವಲ್ಪ ಸ್ವಲ್ಪ ತೂಗತ್ತೆ, ಇದು 2007ರಲ್ಲಿ ಗೊತ್ತಾಗಿದ್ದು. ಮತ್ತೆ 2016ರಲ್ಲಿ ಒಂದು ಫ್ರೆಂಚ್ ತಂಡ ಹೊರಗಿನ ದ್ರವವನ್ನ ನಿಜವಾದ ಪ್ಲಾಸ್ಮಾದಷ್ಟೇ ತೆಳುವಾಗಿ ಇಟ್ಟು ನೋಡಿದ್ರೆ, ವೇಗ ಜಾಸ್ತಿ ಮಾಡ್ತಾ ಹೋದ ಹಾಗೆ ಕಣಗಳು ಉರುಳಿದವು, ಚಕ್ರದ ಹಾಗೆ ಹೊರಳಿದವು, ಕೊನೆಗೆ ಸಮೋಸಾ ತರ ಮೂರು ಮೂಲೆ ಆಕಾರ ತಗೊಂಡವು, ಪುಸ್ತಕದಲ್ಲಿ ಹೇಳೋ ಚೈನ್ ಓಟ ಅಲ್ಲಿ ಕಾಣಲೇ ಇಲ್ಲ. ಹಲವು ದಶಕ ಎಲ್ಲರೂ ಒಪ್ಪಿಕೊಂಡ ಚಿತ್ರ ಬರೀ ಹೊರಗಿನ ದ್ರವ ಬದಲಿಸಿದ ಕೂಡಲೇ ಬೇರೆ ಆಗಿಬಿಡ್ತು. ನನಗಂತೂ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆದ ಭಾಗ ಇದು.

ಕಿರಿದಾದ ಗಲ್ಲಿಯಲ್ಲಿ ಒಬ್ಬೊಬ್ಬರೇ

ಲೋಮನಾಳದ ಅಗಲ 5ರಿಂದ 10 ಮೈಕ್ರಾನ್. ಅಲ್ಲಿ ಉರುಳೋಕೆ ಜಾಗವೇ ಇಲ್ಲ, ಕಣಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗಬೇಕು. ನಡುವೆ ಹರಿವು ಜೋರು, ಗೋಡೆ ಹತ್ರ ನಿಧಾನ, ಹಾಗಾಗಿ ಕಣದ ನಡುಭಾಗ ಮುಂದಕ್ಕೆ ಉಬ್ಬತ್ತೆ, ಅಂಚು ಹಿಂದಕ್ಕೆ ಮಡಚಿಕೊಳ್ಳತ್ತೆ, ಗಾಳಿಗೆ ಬಿಚ್ಚಿದ ಪ್ಯಾರಾಚೂಟಿನ ಆಕಾರ. ಕೆಲವೊಮ್ಮೆ ಒಂದು ಕಡೆಗೆ ವಾಲಿಕೊಂಡು ಹವಾಯಿ ಚಪ್ಪಲಿ ತರ ಆಗತ್ತೆ, ವಿಜ್ಞಾನಿಗಳೂ ಅದನ್ನ ಸ್ಲಿಪ್ಪರ್ ಅಂತಾನೇ ಕರೀತಾರೆ. ಅಗಲವಾದ ನಾಳಕ್ಕೆ ಬಂದ ತಕ್ಷಣ ಮತ್ತೆ ಇಡ್ಲಿ.

ಒಂದು ಸುತ್ತಿಗೆ ಸುಮಾರು ಒಂದು ನಿಮಿಷ ಅಂತ ಇಟ್ಕೊಂಡ್ರೆ, 120 ದಿನದ ಆಯಸ್ಸಲ್ಲಿ ಒಂದು ಕಣ ಒಂದೂಮುಕ್ಕಾಲು ಲಕ್ಷ ಸಲದ ಹತ್ರ ಹೀಗೆ ಮಡಚಿ ಬಿಚ್ಚಿ ಮಾಡತ್ತೆ. ರಿಪೇರಿ ಮಾಡ್ಕೊಳ್ಳೋಕೆ ಒಳಗೆ ನ್ಯೂಕ್ಲಿಯಸ್ಸೂ ಇಲ್ಲ.

ಎಲ್ಲಾ ಕಣ ಯಾಕೆ ನಡುರಸ್ತೆಗೆ ಹೋಗತ್ತೆ

ಪ್ವಾಸೆಯಿ ಅಂತ ಒಬ್ಬ ಫ್ರೆಂಚ್ ವೈದ್ಯ. ರಕ್ತ ಹರಿಯೋದು ಅರ್ಥ ಮಾಡ್ಕೋಬೇಕು ಅಂತ 1830, 40ರ ದಶಕದಲ್ಲಿ ಸಣ್ಣ ಗಾಜಿನ ನಳಿಗೆಗಳಲ್ಲಿ ನೀರು ಹರಿಸಿ ಅಳೆದು, ನಳಿಗೆಯ ತ್ರಿಜ್ಯ ಅರ್ಧ ಆದ್ರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯತ್ತೆ ಅಂತ ಕಂಡುಹಿಡಿದ. ಅವನೇ ಕಪ್ಪೆಯ ನಾಳಗಳನ್ನ ನೋಡ್ತಾ ಇನ್ನೊಂದು ಗಮನಿಸಿದ್ದ: ಗೋಡೆಗೆ ಅಂಟಿಕೊಂಡ ಹಾಗೆ ಒಂದು ತೆಳು ಪದರದಲ್ಲಿ ಕೆಂಪು ಕಣಗಳೇ ಇಲ್ಲ, ಬರೀ ಪ್ಲಾಸ್ಮಾ.

ಇದಕ್ಕೂ ಕಾರಣ ಮೆತ್ತಗಿರೋದೇ. ಜೇನುತುಪ್ಪದಂಥ ನಿಧಾನದ ಹರಿವಲ್ಲಿ ಒಂದು ಗಟ್ಟಿ ಗೋಲಿ ಗೋಡೆಯಿಂದ ತಾನಾಗಿ ದೂರ ಹೋಗೋಕಾಗಲ್ಲ, ಅಲ್ಲೇ ಉರುಳ್ಕೊಂಡು ಹೋಗ್ತಿರತ್ತೆ. ಮೆತ್ತಗಿನ ಚೀಲ ಮಾತ್ರ ಹಿಗ್ಗಿ ಓರೆಯಾಗತ್ತೆ, ಓರೆ ಹಿಡಿದ ಮೊರಕ್ಕೆ ಗಾಳಿ ಬಡಿದ್ರೆ ಹೇಗೆ ಮೇಲಕ್ಕೆ ಏಳತ್ತೋ ಹಾಗೆ ಗೋಡೆ ಮತ್ತು ಚೀಲದ ಮಧ್ಯ ನುಗ್ಗೋ ದ್ರವ ಅದನ್ನ ನಡುವಿಗೆ ತಳ್ಳತ್ತೆ.

ಇದರಿಂದ ಎರಡು ಲಾಭ. ಮೊದಲನೇದು, ಗೋಡೆಗೆ ಉಜ್ಜೋದು ತೆಳು ಪ್ಲಾಸ್ಮಾ ಆದ್ದರಿಂದ ರಕ್ತ ಜಾರಿಕೊಂಡು ಹೋಗತ್ತೆ. ಸ್ವೀಡನ್ನಿನ ಫೊರೇಯಸ್ ಮತ್ತು ಲಿಂಡ್‌ಕ್ವಿಸ್ಟ್ 1931ರಲ್ಲಿ ಇದನ್ನ ಅಳೆದರು. ನಳಿಗೆಯ ಅಗಲ 0.3 ಮಿಲಿಮೀಟರಿಗಿಂತ ಕಡಿಮೆ ಆದ್ರೆ ರಕ್ತದ ಸ್ನಿಗ್ಧತೆ ಇಳೀತಾ ಹೋಗತ್ತೆ. ಸಣ್ಣ ಸಂದಿಯಲ್ಲಿ ಇನ್ನೂ ಕಷ್ಟ ಆಗಬೇಕಲ್ವಾ ಅನ್ನಿಸತ್ತೆ, ಆಗೋದು ಉಲ್ಟಾ. ಮುಂದಿನವರು ಇನ್ನೂ ಸಣ್ಣ ನಳಿಗೆ ತಗೊಂಡು ನೋಡಿದಾಗ 7 ಮೈಕ್ರಾನ್ ಹತ್ರ ರಕ್ತ ಬರೀ ಪ್ಲಾಸ್ಮಾದಷ್ಟೇ ಸಲೀಸಾಗಿ ಹೋಗೋ ಹಾಗೆ ಕಂಡಿತು, ಅದಕ್ಕಿಂತ ಕೆಳಗೆ ಇಳಿದ್ರೆ ಮತ್ತೆ ದಿಢೀರ್ ಕಷ್ಟ. ಇದು ಗಾಜಿನ ನಳಿಗೆಯ ಲೆಕ್ಕ. ಜೀವಂತ ನಾಳದ ಒಳಗೋಡೆಗೆ ಸಕ್ಕರೆ ಅಣುಗಳ ನವಿರಾದ ಪಾಚಿಯಂಥ ಪದರ ಇರೋದ್ರಿಂದ ಅಲ್ಲಿ ಅಷ್ಟು ಲಾಭ ಸಿಗಲ್ಲ.

ನಡುವೆ ಹೋಗೋ ಕಣಗಳು ಜೋರಾಗಿ ಹೋಗೋದ್ರಿಂದ ಇನ್ನೊಂದು ತಮಾಷೆ. ಮೈಸೂರು ರೋಡಲ್ಲಿ ನಿಮಿಷಕ್ಕೆ ಅಷ್ಟೇ ಗಾಡಿ ಹೋದ್ರೂ, ಎಲ್ಲಾ ನೂರರಲ್ಲಿ ಹೋದ್ರೆ ಮೇಲಿಂದ ತೆಗೆದ ಫೋಟೋದಲ್ಲಿ ಗಾಡಿ ಕಡಿಮೆ ಕಾಣತ್ತೆ, ಎಲ್ಲಾ ಇಪ್ಪತ್ತರಲ್ಲಿ ಹೋದ್ರೆ ಜಾಸ್ತಿ. ಹಾಗೇ ಸಣ್ಣ ನಳಿಗೆಯೊಳಗೆ ಯಾವ ಕ್ಷಣದಲ್ಲಿ ನೋಡಿದ್ರೂ ಕಣದ ಪಾಲು ನಾವು ತುಂಬಿದ ರಕ್ತಕ್ಕಿಂತ ಕಡಿಮೆ ಇರತ್ತೆ.

ಎರಡನೇ ಲಾಭ ಪ್ಲೇಟ್‌ಲೆಟ್‌ಗಳದ್ದು. ಡೆಂಗ್ಯೂ ಸೀಸನ್ನಲ್ಲಿ ಎಲ್ಲರ ಬಾಯಲ್ಲಿರೋ ಆ ಪ್ಲೇಟ್‌ಲೆಟ್ಟೇ. ಗಾಯದಲ್ಲಿ ರಕ್ತ ನಿಲ್ಲಿಸೋ ಈ ಕಣಗಳು ಸಣ್ಣ, ಕೆಂಪು ಕಣಕ್ಕಿಂತ ಬಿಗಿ. ನಡುವಿನ ಜಾಗ ಕೆಂಪು ಕಣಗಳು ಹಿಡಿದು ಗುದ್ದಾಡ್ತಾ ಇರೋದ್ರಿಂದ ಇವು ಗೋಡೆ ಕಡೆಗೆ ತಳ್ಳಿಸ್ಕೊಂಡು ಬರತ್ತೆ, ತುಂಬಿದ ಬಸ್ಸಲ್ಲಿ ಸಣ್ಣ ಹುಡುಗರು ಕಿಟಕಿ ಪಕ್ಕ ಅಮುಕಿಕೊಂಡ ಹಾಗೆ. ಗಾಯ ಆಗೋದು ಗೋಡೆಗೆ ತಾನೇ, ಅಲ್ಲೇ ಇವು ರೆಡಿ ಇರತ್ತೆ. ರಕ್ತಹೀನತೆ ತುಂಬಾ ಇದ್ದವರಿಗೆ ಪ್ಲೇಟ್‌ಲೆಟ್ ಸಂಖ್ಯೆ ಸರಿ ಇದ್ರೂ ರಕ್ತಸ್ರಾವ ನಿಲ್ಲೋದು ತಡ ಆಗಬಹುದು, ಅದಕ್ಕೆ ಇದೂ ಒಂದು ಕಾರಣ, ಗೋಡೆಗೆ ತಳ್ಳೋರೇ ಕಡಿಮೆ.

ಮನುಷ್ಯ ಮಾಡಿದ ಕ್ಯಾಪ್ಸೂಲು

ಪೊರೆ, ಒಳಗೆ ದ್ರವ, ಇಷ್ಟಿದ್ರೆ ವಿಜ್ಞಾನಿಗಳ ಭಾಷೆಯಲ್ಲಿ ಅದು ಕ್ಯಾಪ್ಸೂಲು. ಇಲ್ಲಿ ಹೇಳ್ತಿರೋದು ಮೆಡಿಕಲ್ ಸ್ಟೋರಿನ ಕ್ಯಾಪ್ಸೂಲಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣವು. ಅಂಗಡಿಯವರು ಬಿಲ್ ಬರೆದಾಗ ಕಾರ್ಬನ್ ಇಲ್ಲದೇ ಕೆಳಗಿನ ಹಾಳೆಯಲ್ಲಿ ಅಚ್ಚು ಮೂಡತ್ತಲ್ಲ, ಮೇಲಿನ ಹಾಳೆಯ ಬೆನ್ನಿಗೆ ಇಂಥ ಲಕ್ಷಾಂತರ ಮಸಿಗುಳ್ಳೆ ಹಚ್ಚಿರ್ತಾರೆ, ಪೆನ್ನಿನ ಒತ್ತಡಕ್ಕೆ ಅವು ಒಡೆಯತ್ತೆ. ಕಡಲಕಳೆಯಿಂದ ಬರೋ ಆಲ್ಜಿನೇಟಿನ ಹನಿಯನ್ನ ಕ್ಯಾಲ್ಸಿಯಂ ನೀರಿಗೆ ಬಿಟ್ರೂ ಗುಳ್ಳೆ ಕಟ್ಟತ್ತೆ. ಇನ್ಸುಲಿನ್ ಮಾಡೋ ಜೀವಕೋಶಗಳನ್ನ ಇಂಥ ಗುಳ್ಳೆಯೊಳಗಿಟ್ಟು ಸಕ್ಕರೆ ಕಾಯಿಲೆ ಇರೋ ಇಲಿಗಳಿಗೆ ಹಾಕಿದ ಪ್ರಯೋಗ 1980ರಲ್ಲೇ ಆಗಿದೆ.

ಅದೇ 1980ರಲ್ಲಿ ಡೊಮಿನೀಕ್ ಬಾರ್ತೆಸ್ ಬೀಸೆಲ್ ಅನ್ನೋ ಫ್ರೆಂಚ್ ವಿಜ್ಞಾನಿ ಇಂಥ ಗುಂಡಗಿನ ಕ್ಯಾಪ್ಸೂಲು ಹರಿವಲ್ಲಿ ಹೇಗೆ ಆಕಾರ ಬದಲಿಸತ್ತೆ ಅಂತ ಸಿದ್ಧಾಂತ ಕೊಟ್ರು. ಒಟ್ಟಾರೆ ಅದೊಂದು ಹಗ್ಗಜಗ್ಗಾಟ. ಒಂದು ಕಡೆ ದ್ರವದ ಎಳೆತ, ಇನ್ನೊಂದು ಕಡೆ ಪೊರೆಯ ಬಿಗಿ, ಎರಡರ ಅನುಪಾತ ಒಂದೇ ನಂಬರಲ್ಲಿ ಹೇಳಬಹುದು, ಕ್ಯಾಪಿಲರಿ ನಂಬರ್ ಅಂತಾರೆ. ಅದು ಸಣ್ಣದಿದ್ರೆ ಕ್ಯಾಪ್ಸೂಲು ಗುಂಡಗೇ ಇರತ್ತೆ, ದೊಡ್ಡದಾದ್ರೆ ಎಳೆದ ಮೊಟ್ಟೆಯಾಗಿ ಓರೆಯಾಗಿ ನಿಂತು ಪೊರೆಯನ್ನ ಚೈನ್ ತರ ಓಡಿಸತ್ತೆ. ಪೊರೆ ಕೆಲವು ಕಡೆ ಹಿಗ್ಗಿ ಕೆಲವು ಕಡೆ ಅಮುಕಿಕೊಳ್ಳೋದ್ರಿಂದ ಸೀರೆ ನೆರಿಗೆ ತರ ಸುಕ್ಕು ಬೀಳೋದೂ ಉಂಟು, ಮಿತಿ ಮೀರಿದ್ರೆ ಒಡೆಯತ್ತೆ. ಔಷಧಿಯನ್ನ ಗುಳ್ಳೆಯಲ್ಲಿ ತುಂಬಿ ಕಳಿಸೋರಿಗೆ ಎಲ್ಲಿ ಒಡೀಬೇಕು, ಎಲ್ಲಿ ಒಡೀಬಾರದು ಅನ್ನೋದೇ ಮುಖ್ಯ ಪ್ರಶ್ನೆ.

ಮೆತ್ತಗಿರೋದು ಕಣವೇ ಆಗಬೇಕಿಲ್ಲ, ನಾಳದ ಗೋಡೆಯೂ ಮೆತ್ತಗೇ. ನಮ್ಮ ಬೆಂಗಳೂರಿನ ಐಐಎಸ್‌ಸಿಯ ಪ್ರೊಫೆಸರ್ ವಿ. ಕುಮಾರನ್ ಅವರಿಗೆ 2016ರ ಇನ್ಫೋಸಿಸ್ ಪ್ರಶಸ್ತಿ ಬಂದಿದ್ದು ಮುಖ್ಯವಾಗಿ ಮೆತ್ತಗಿನ ಗೋಡೆಯ ನಳಿಗೆಯಲ್ಲಿ ಹರಿವು ಹೇಗೆ ಕದಡತ್ತೆ ಅನ್ನೋ ಕೆಲಸಕ್ಕೆ.

ಮೆತ್ತಗಿದ್ದದ್ದು ಗಟ್ಟಿಯಾದ್ರೆ

ಮೈಯಲ್ಲಿ ಇದಕ್ಕೊಂದು ಪರೀಕ್ಷಾ ಕೇಂದ್ರ ಇದೆ, ಗುಲ್ಮ, ಇಂಗ್ಲಿಷಲ್ಲಿ ಸ್ಪ್ಲೀನ್. ಅದರೊಳಗೆ ಒಂದು ಮೈಕ್ರಾನಿಗೂ ಕಡಿಮೆ ಅಗಲದ ಸೀಳುಗಳಿವೆ, ಕಣ ಅದರಲ್ಲಿ ತೂರಿ ಆಚೆ ಬರಬೇಕು. ವಯಸ್ಸಾದ ಹಾಗೆ ಕಣ ಪೊರೆಯ ಚೂರುಗಳನ್ನ ಕಳ್ಕೊಳ್ತಾ ಬರತ್ತೆ, ಆ 40 ಪರ್ಸೆಂಟ್ ಸಡಿಲ ಖರ್ಚಾಗ್ತಾ ಬರತ್ತೆ, ಒಂದು ದಿನ ತೂರೋಕಾಗದೇ ಸಿಕ್ಕಿಕೊಳ್ಳತ್ತೆ, ಅಲ್ಲೇ ಅದನ್ನ ತಿಂದು ಮುಗಿಸೋ ಕಣಗಳು ಕಾದಿರತ್ತೆ. ಹುಟ್ಟಿನಿಂದಲೇ ಪೊರೆ ಸಾಲದೇ ಕಣ ಗುಂಡಗಾಗೋ ಒಂದು ಕಾಯಿಲೆ ಇದೆ, ಸ್ಫೆರೋಸೈಟೋಸಿಸ್. ಹಿಮೋಗ್ಲೋಬಿನ್ ಸರಿ ಇದೆ, ಆಕ್ಸಿಜನ್ ಹೊರೋಕೂ ಬರತ್ತೆ, ಆದ್ರೆ ಗುಂಡಗಿದೆ ಅನ್ನೋ ಒಂದೇ ತಪ್ಪಿಗೆ ಗುಲ್ಮ ಅವನ್ನ ಹಿಡಿದು ಹಾಕತ್ತೆ, ರಕ್ತಹೀನತೆ ಬರತ್ತೆ. ತೀವ್ರ ಇದ್ದವರಿಗೆ ಗುಲ್ಮವನ್ನೇ ತೆಗೀತಾರೆ, ಕಣದ ಆಕಾರ ಹಾಗೇ ಇದ್ರೂ ರಕ್ತಹೀನತೆ ಕಮ್ಮಿ ಆಗತ್ತೆ.

ಮಲೇರಿಯಾದಲ್ಲೂ ಇದೇ ಆಟ. ಫಾಲ್ಸಿಪೇರಮ್ ಅನ್ನೋ ಜಾತಿಯ ಮಲೇರಿಯಾ ರೋಗಾಣು ಹೊಕ್ಕ ಕಣ ಬಿಗಿಯಾಗಿ, ಅಂಟಂಟಾಗಿ, ನಾಳದ ಗೋಡೆ ಹಿಡ್ಕೊಳ್ಳತ್ತೆ, ಮೆದುಳಿನ ಲೋಮನಾಳ ಕಟ್ಟಿದ್ರೆ ಪ್ರಾಣಕ್ಕೇ ಕುತ್ತು. ವೈವಾಕ್ಸ್ ಅನ್ನೋ ಇನ್ನೊಂದು ಜಾತಿ ಹೊಕ್ಕ ಕಣ ಅದಕ್ಕೆ ಉಲ್ಟಾ, ಇನ್ನೂ ಮೆತ್ತಗಾಗತ್ತೆ. ಮಂಗಳೂರು ಕಡೆ ಮಲೇರಿಯಾ ಕಂಡವರಿಗೆ ಈ ಎರಡು ಹೆಸರು ಹೊಸದೇನಲ್ಲ.

ಸಿಕಲ್ ಸೆಲ್ ಅಥವಾ ಕುಡುಗೋಲು ಕಣ ರಕ್ತಹೀನತೆಯ ಹೆಸರು ಈಗ ಜಾಸ್ತಿ ಕೇಳ್ತಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನಾ ಅಭಿಯಾನ ಶುರು ಮಾಡಿತು, ಗುರಿ 2047, ಕರ್ನಾಟಕವೂ ಅದರಲ್ಲಿದೆ. ಭಾರತದಲ್ಲಿ ಇದು ಮೊದಲು ಕಂಡಿದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಚಾಮರಾಜನಗರದ ಸೋಲಿಗರಲ್ಲೂ ಇದೆ. ಹಿಮೋಗ್ಲೋಬಿನ್ನಿನ ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಬೇರೆ ಆಗಿರತ್ತೆ, ಆಕ್ಸಿಜನ್ ಬಿಟ್ಟುಕೊಟ್ಟ ಮೇಲೆ ಆ ಹಿಮೋಗ್ಲೋಬಿನ್ ಒಂದಕ್ಕೊಂದು ಜೋಡಿಸ್ಕೊಂಡು ಒಳಗೆ ಕಡ್ಡಿ ಕಟ್ಟತ್ತೆ. ಮೆತ್ತಗಿನ ಚೀಲದೊಳಗೆ ಪೊರಕೆ ಕಡ್ಡಿ ತುರುಕಿದ ಹಾಗೆ.

ಆದ್ರೆ ಕಡ್ಡಿ ಕಟ್ಟೋಕೆ ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ ಕಣ ಲೋಮನಾಳ ದಾಟಿ ಶ್ವಾಸಕೋಶದ ದಾರಿ ಹಿಡಿದ್ರೆ ಬಚಾವು, ಆಕ್ಸಿಜನ್ ಸಿಕ್ಕಿ ಕಡ್ಡಿ ಕರಗತ್ತೆ. ಹರಿವು ನಿಧಾನ ಆಗಿ ಸಂದಿಯಲ್ಲೇ ಗಟ್ಟಿಯಾದ್ರೆ ಅಲ್ಲಿ ಟ್ರಾಫಿಕ್ ಜಾಮ್, ಹಿಂದೆ ಬರೋ ಕಣಗಳೂ ನಿಂತು ಅವೂ ಗಟ್ಟಿ. ಆ ನೋವು ಅನುಭವಿಸಿದವರಿಗೇ ಗೊತ್ತು. ಮೈ ಒಣಗೋದು, ಜ್ವರ, ಚಳಿ ಇವೆಲ್ಲಾ ಈ ರೇಸನ್ನ ಕಣಕ್ಕೆ ವಿರುದ್ಧ ಮಾಡತ್ತೆ, ಅದಕ್ಕೇ ನೀರು ಚೆನ್ನಾಗಿ ಕುಡೀರಿ, ಬೆಚ್ಚಗಿರಿ ಅಂತ ಹೇಳೋದು. ಹೈಡ್ರಾಕ್ಸಿಯೂರಿಯಾ ಮಾತ್ರೆ, ನಾವು ತಾಯಿ ಹೊಟ್ಟೆಯಲ್ಲಿದ್ದಾಗ ಇರೋ ತರದ ಹಿಮೋಗ್ಲೋಬಿನ್ನನ್ನ ಜಾಸ್ತಿ ಮಾಡಿ ಕಡ್ಡಿ ಕಟ್ಟೋದನ್ನ ತಡ ಮಾಡತ್ತೆ, ಅಂದ್ರೆ ರೇಸಲ್ಲಿ ಕಣಕ್ಕೆ ಸ್ವಲ್ಪ ಟೈಮ್ ಕೊಡಿಸತ್ತೆ.

ಬ್ಲಡ್ ಬ್ಯಾಂಕಿನ ಚೀಲಕ್ಕೆ 35 ಅಥವಾ 42 ದಿನದ ಗಡುವು ಇರೋದಕ್ಕೂ ಇದರ ಸಂಬಂಧ ಇದೆ. 2ರಿಂದ 6 ಡಿಗ್ರಿಯಲ್ಲಿ ಇಟ್ರೂ ಕಣಗಳು ದಿನ ಕಳೆದ ಹಾಗೆ ಮುಳ್ಳುಮುಳ್ಳಾಗಿ, ಗುಂಡಗಾಗಿ, ಬಿಗಿಯಾಗ್ತಾ ಹೋಗತ್ತೆ.

ಈಗ ಅಮ್ಮನ 58

ಹರಿವು ಜೋರಿದ್ದಾಗ ಕಣಗಳು ಬಿಡಿಬಿಡಿ. ನಿಧಾನ ಆದ್ರೆ ಒಂದರ ಮೇಲೊಂದು ಕೂತು ನಾಣ್ಯ ಜೋಡಿಸಿಟ್ಟ ಹಾಗೆ ಕಂಬ ಕಟ್ಟತ್ತೆ, ಅದಕ್ಕೇ ನಿಂತ ರಕ್ತ ಹರಿಯೋ ರಕ್ತಕ್ಕಿಂತ ಎಷ್ಟೋ ಗಟ್ಟಿ. ಮೈಯಲ್ಲಿ ಎಲ್ಲೋ ಉರಿಯೂತ ಇದ್ರೆ ಪ್ಲಾಸ್ಮಾದಲ್ಲಿ ಫೈಬ್ರಿನೋಜನ್ ಅನ್ನೋ ಪ್ರೋಟೀನ್ ಜಾಸ್ತಿ ಆಗತ್ತೆ, ಅದು ಅಂಟಿನ ತರ ಈ ಕಂಬಗಳನ್ನ ದೊಡ್ಡದು ಮಾಡತ್ತೆ. ಒಂಟಿ ಕಣ ನಿಧಾನಕ್ಕೆ ಮುಳುಗತ್ತೆ, ಕಂಬ ಬೇಗ ಮುಳುಗತ್ತೆ. ಕೊಳವೆಯಲ್ಲಿ ರಕ್ತ ತುಂಬಿ ಒಂದು ಗಂಟೆ ಬಿಟ್ಟು, ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದು ಮೇಲೆ ಎಷ್ಟು ತಿಳಿ ಉಳಿದಿದೆ ಅಂತ ನೋಡಿದ್ರೆ ಅದೇ ಇಎಸ್‌ಆರ್. ವೆಸ್ಟರ್‌ಗ್ರೆನ್ 1921ರಲ್ಲಿ ವಿವರಿಸಿದ ವಿಧಾನ, ಇವತ್ತಿಗೂ ಅದೇ ಹೆಸರಲ್ಲಿ ನಡೀತಿದೆ.

ಹಾಗಾಗಿ 58 ಅಂದ್ರೆ ರಕ್ತ ದಪ್ಪ ಆಗಿದೆ ಅಂತಲ್ಲ, ಎಲ್ಲೋ ಉರಿಯೂತ ಇರಬಹುದು, ನೋಡಿ ಅಂತ. ಎಲ್ಲಿ, ಯಾಕೆ ಅಂತ ಅದೊಂದೇ ಹೇಳಲ್ಲ. ರಕ್ತಹೀನತೆ ಇದ್ರೂ ಬಸಿರಲ್ಲಿದ್ರೂ ಏರತ್ತೆ, ವಯಸ್ಸಾದ ಹಾಗೂ ಏರತ್ತೆ. ಕುಡುಗೋಲು ಕಣದವರಿಗೆ ಎಷ್ಟೇ ನೋವಿದ್ರೂ ಇಎಸ್‌ಆರ್ ಕಡಿಮೆ ತೋರಿಸಬಹುದು, ವಕ್ರ ಆದ ಕಣಗಳನ್ನ ನಾಣ್ಯದ ತರ ಜೋಡಿಸೋಕಾಗಲ್ಲ ನೋಡಿ.

ಅತ್ತೆ ಹೇಳಿದ ರಕ್ತ ತೆಳು ಮಾಡೋ ಮಾತ್ರೆ ರಕ್ತವನ್ನ ತೆಳು ಮಾಡೋದೇ ಇಲ್ಲ. ಆಸ್ಪಿರಿನ್ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟೋದನ್ನ ತಡೆಯತ್ತೆ, ವಾರ್ಫರಿನ್ ಹೆಪ್ಪುಗಟ್ಟೋ ಪ್ರೋಟೀನುಗಳನ್ನ ಕಮ್ಮಿ ಮಾಡತ್ತೆ. ಹೆಸರಿಟ್ಟವರ ತಪ್ಪು. ಬೇರೆಯವರ ಡಬ್ಬಿಯಿಂದ ತೆಗೆದು ನುಂಗೋ ಮಾತ್ರೆ ಅಂತೂ ಅಲ್ಲವೇ ಅಲ್ಲ, ಅಮ್ಮಂಗೆ ಡಾಕ್ಟ್ರು ಬರೆದಿದ್ದು ಬೇರೇನೇ.

ಇನ್ನು ಆ ಕ್ಯಾಲೆಂಡರ್ ಹಾಳೆ. 1920ರಲ್ಲಿ ಬಾಯ್ಕಾಟ್ ಅನ್ನೋ ಬ್ರಿಟಿಷ್ ವಿಜ್ಞಾನಿ ಓರೆ ಇಟ್ಟ ಟ್ಯೂಬಲ್ಲಿ ರಕ್ತ ಬೇಗ ಇಳಿಯತ್ತೆ ಅಂತ ಗಮನಿಸಿದ್ರು. ನೆಟ್ಟಗಿದ್ರೆ ಕಣ ಕೊಳವೆಯ ಪೂರ್ತಿ ಉದ್ದ ಇಳೀಬೇಕು. ವಾಲಿದ್ರೆ ಕೆಳಗಿನ ಗೋಡೆ ಮುಟ್ಟೋವರೆಗೆ ಇಳಿದ್ರೆ ಸಾಕು, ಅಲ್ಲಿಂದ ಜಾರುಬಂಡೆ ತರ ಗುಂಪಾಗಿ ಜಾರಿಬಿಡತ್ತೆ, ತಿಳಿ ಪ್ಲಾಸ್ಮಾ ಮೇಲಿನ ಗೋಡೆ ಹಿಡಿದು ಸರ್ರನೆ ಮೇಲೇರತ್ತೆ. ಬರೀ 3 ಡಿಗ್ರಿ ವಾಲಿದ್ರೆ ರೀಡಿಂಗ್ 30 ಪರ್ಸೆಂಟ್ ತನಕ ಏರಬಹುದು. ಹೋದ ವಾರ ಮತ್ತೆ ಟೆಸ್ಟಿಗೆ ಹೋದಾಗ ನಾನೂ ಅವನ ಪಕ್ಕ ಕೂತು ಒಂದು ಕಣ್ಣು ಮುಚ್ಕೊಂಡು ಕೊಳವೆ ನೋಡಿದೆ. "ಈಗ ನೆಟ್ಟಗಿದೆಯಾ ಸಾರ್?" ಅಂದ. ಇನ್ನೊಂದು ಮಡಿಕೆ ಹಾಕು ಅಂದೆ.